ಬಕಲ್ಯೋವಾ: ಗೋವೆ ಗೆದ್ದವನ ಮಗನ ಮನೆ, ನಾಲ್ಕೂವರೆ ಶತಮಾನ ತಡವಾಗಿ ಬಂದ ವೈನ್

ಲಿಸ್ಬನ್ನಿನಿಂದ ತೇಜು ನದಿಯ ಸೇತುವೆ ದಾಟಿ ದಕ್ಷಿಣಕ್ಕೆ 30–35 ಕಿ.ಮೀ. ಹೋದರೆ ಅಝೇತಾಂವ್ ಸಿಗುತ್ತದೆ. ಅರ್ರಾಬಿದ ಬೆಟ್ಟಸಾಲಿನ ಉತ್ತರ ತಪ್ಪಲು, ಸುಣ್ಣಕಲ್ಲು ಬೆರೆತ ಜೇಡಿಮಣ್ಣು, ದ್ರಾಕ್ಷಿ, ಆಲಿವ್, ಕುರಿಮಂದೆ. ಇಲ್ಲಿರುವ ಕಿಂತಾ ದ ಬಕಲ್ಯೋವಾ ಎಂಬ ಎಸ್ಟೇಟನ್ನು ನೋಡಲು ಬರುವ ಹೆಚ್ಚಿನವರ ತಲೆಯಲ್ಲಿ ಒಂದು ಲೆಕ್ಕ ಮೊದಲೇ ಕೂತಿರುತ್ತದೆ: ಅರಮನೆಗೆ ಐನೂರು ವರ್ಷ, ಹಾಗಾದರೆ ಅದರ ವೈನಿಗೂ ಐನೂರು ವರ್ಷ. ಈ ಲೆಕ್ಕ ತಪ್ಪು. ಮನೆ 15ನೇ ಶತಮಾನದ್ದು. ಬಾಟಲಿಯ ಮೇಲೆ ಬಕಲ್ಯೋವಾ ಎಂಬ ಹೆಸರು ಬಂದದ್ದು 1979ರ ಬೆಳೆಯಿಂದ. ಆ ಬಾಟಲಿಯೊಳಗಿನ ದ್ರಾಕ್ಷಿಯ ತಳಿಯೂ ಪೋರ್ಚುಗಲ್ಲಿನದಲ್ಲ, ಫ್ರಾನ್ಸಿನ ಬೋರ್ಡೊ ಕಡೆಯದು.

ಮನೆಯ ಇತಿಹಾಸ ಬೇರೆ, ಕೆಂಪು ವೈನಿನ ಇತಿಹಾಸ ಬೇರೆ, ಈ ಸೀಮೆಯ ಮೊಸ್ಕತೆಲ್ ಎಂಬ ಸಿಹಿ ವೈನಿನ ಇತಿಹಾಸ ಇನ್ನೂ ಬೇರೆ. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಹೋದವರಿಗೆ ಒಂದೂ ಸರಿಯಾಗಿ ದಕ್ಕುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಬಿಡಿಬಿಡಿಯಾಗಿ ನೋಡಬೇಕು. ಕನ್ನಡಿಗರಿಗಂತೂ ಇಲ್ಲಿ ಇನ್ನೊಂದು ಕಾರಣವಿದೆ. ಈ ಮನೆಗೆ ಇಂದಿನ ರೂಪ ಕೊಟ್ಟವನ ಅಪ್ಪ ಬಿಜಾಪುರದ ಆದಿಲ್ ಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡ ಅಫೊನ್ಸೊ ದ ಅಲ್ಬುಕರ್ಕ್.

ಮನೆ ಯಾರದು

ಮೊದಲಿಗೆ ಇದು ರಾಜಮನೆತನದ ವಿಹಾರದ ಜಾಗ. ದೊರೆ ಒಂದನೇ ಜುವಾಂವ್‌ನ ಮಗ ರಾಜಕುಮಾರ ಜುವಾಂವ್‌ನ ಕೈಯಲ್ಲಿದ್ದು, ಅವನ ಮಗಳು ಬ್ರಿತೆಶ್‌ಗೆ ಬಂತು. 1480ರ ಸುಮಾರಿಗೆ ಮನೆ ಕಟ್ಟಿಸಿದವಳು ಆಕೆಯೇ. ಈ ಬ್ರಿತೆಶ್ ದೊರೆ ಮನುವೆಲ್‌ನ ತಾಯಿ. ವಾಸ್ಕೊ ಡ ಗಾಮನನ್ನು ಕಲ್ಲಿಕೋಟೆಗೆ ಕಳಿಸಿದ, ಆಮೇಲೆ ಅಲ್ಬುಕರ್ಕನನ್ನು ಭಾರತದ ಗವರ್ನರ್ ಮಾಡಿದ ದೊರೆ ಈ ಮನುವೆಲ್‌ನೇ.

ಅಲ್ಬುಕರ್ಕ್ 1510ರ ಫೆಬ್ರುವರಿಯಲ್ಲಿ ಗೋವೆಗೆ ನುಗ್ಗಿದ್ದು ಹೊನ್ನಾವರದ ತಿಮ್ಮಯ್ಯನ ಸಲಹೆ, ನೆರವಿನಿಂದ. ಪೋರ್ಚುಗೀಸ್ ಬರಹಗಳಲ್ಲಿ ಇವನ ಹೆಸರು ತಿಮೋಜ. ಕೆಲವೇ ತಿಂಗಳಲ್ಲಿ ಯೂಸುಫ್ ಆದಿಲ್ ಶಾನ ಸೈನ್ಯ ಊರನ್ನು ವಾಪಸು ಪಡೆಯಿತು. ಅದೇ ವರ್ಷ ನವೆಂಬರ್ 25ರಂದು ಅಲ್ಬುಕರ್ಕ್ ಮತ್ತೆ ಬಂದು ಗೆದ್ದ; ಗೆದ್ದ ಮೇಲೆ ಊರಿನ ಮುಸ್ಲಿಮರ ಕಗ್ಗೊಲೆ ನಡೆಯಿತು, ಅದನ್ನು ಅವನೇ ದೊರೆಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಅದರ ಹಿಂದುಮುಂದಿನ ದಿನಗಳಲ್ಲೇ ಲೂಯಿಶ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಮಾತುಕತೆಯ ನಡುಮಧ್ಯೆ ಇದ್ದದ್ದು ಕುದುರೆ ವ್ಯಾಪಾರ. 1515ರ ಡಿಸೆಂಬರಿನಲ್ಲಿ ಗೋವೆಯ ಅಳಿವೆಯ ಬಳಿ ಹಡಗಿನಲ್ಲೇ ಅಲ್ಬುಕರ್ಕ್ ತೀರಿಕೊಂಡ.

ಅವನ ಮಗ ಬ್ರಾಸ್ ಹುಟ್ಟಿದ್ದು 1501ರಲ್ಲಿ, ಮದುವೆಯ ಹೊರಗೆ. ಅಪ್ಪ ಸತ್ತ ಮೇಲೆ ಅವನ ನೆನಪಿಗೆ ಮಗನೂ ಅಫೊನ್ಸೊ ಎಂಬ ಹೆಸರಿಟ್ಟುಕೊಳ್ಳಬೇಕೆಂದು ದೊರೆ ಅಪ್ಪಣೆ ಮಾಡಿದ. ಅಪ್ಪನ ಸೇವೆಯ ಋಣವಾಗಿ ಹುಡುಗನಿಗೆ ಸ್ಥಾನ, ದೊಡ್ಡ ಮನೆತನದ ಸಂಬಂಧ ಎರಡೂ ಸಿಕ್ಕವು. 1521ರಲ್ಲಿ ದೊರೆಯ ಮಗಳನ್ನು ಸವಾಯ್ ಡ್ಯೂಕ್‌ಗೆ ಮದುವೆ ಮಾಡಿಕೊಡಲು ಹೊರಟ ದಿಬ್ಬಣದ ಜೊತೆ ಇಟಲಿಯ ಕಡೆ ಹೋಗಿಬಂದ. ಅಲ್ಲಿ ಕಂಡ ಹೊಸ ಮಾದರಿಯ ಮನೆಗಳು, ತೋಟಗಳು ಅವನ ಕಣ್ಣಿನಲ್ಲಿ ಉಳಿದವು. 1523ರಲ್ಲಿ ಲಿಸ್ಬನ್ನಿನ ನದಿದಂಡೆಯಲ್ಲಿ ಮುಂಗೋಡೆಯ ತುಂಬ ವಜ್ರದ ಮೊನೆಯಂಥ ಕಲ್ಲುಗಳಿರುವ ಕಾಸಾ ದುಶ್ ಬೀಕುಶ್ ಕಟ್ಟಿಸಿದ. 1755ರ ಭೂಕಂಪದಲ್ಲಿ ಅದರ ಮೇಲಂತಸ್ತುಗಳು ಬಿದ್ದವು. 20ನೇ ಶತಮಾನದಲ್ಲಿ ಮತ್ತೆ ಎಬ್ಬಿಸಿದ ಆ ಕಟ್ಟಡದಲ್ಲಿ ಈಗ ಲೇಖಕ ಸರಮಾಗೊ ಹೆಸರಿನ ಪ್ರತಿಷ್ಠಾನವಿದೆ. 1528ರಲ್ಲಿ, ಹಂಪಿಯಲ್ಲಿ ಕೃಷ್ಣದೇವರಾಯ ಇನ್ನೂ ಬದುಕಿದ್ದಾಗ, ಬ್ರಾಸ್ ಅಝೇತಾಂವ್‌ನ ಈ ತೋಟದಮನೆಯನ್ನು ಕೊಂಡ.

ಇದೇ ಬ್ರಾಸ್ ಅಪ್ಪನ ಪತ್ರಗಳನ್ನು ಆಧರಿಸಿ 1557ರಲ್ಲಿ ‘ಕೊಮೆಂತಾರಿಯುಶ್’ ಎಂಬ ಗ್ರಂಥ ಅಚ್ಚು ಹಾಕಿಸಿದ. ತಿದ್ದಿದ ಆವೃತ್ತಿ 1576ರಲ್ಲಿ ಬಂತು. ಗೋವೆಯ ಯುದ್ಧ, ತಿಮ್ಮಯ್ಯ, ವಿಜಯನಗರದೊಂದಿಗಿನ ವ್ಯವಹಾರ ಇವುಗಳ ಬಗ್ಗೆ ಕರ್ನಾಟಕದ ಇತಿಹಾಸಕಾರರು ಇಂದಿಗೂ ತೆರೆದು ನೋಡುವ ಪುಸ್ತಕವಿದು. ಮಗ ಅಪ್ಪನ ಹೆಸರು ಕಾಯಲು ಬರೆದದ್ದು ಎಂಬ ಎಚ್ಚರ ಮಾತ್ರ ಓದುವವನಿಗೆ ಇರಬೇಕು. ಅರಮನೆಯ ಪ್ರವಾಸಿ ಕಥನದಲ್ಲಿ ಅಲ್ಬುಕರ್ಕನ ಹೆಸರು ಸಾಮಾನ್ಯವಾಗಿ ಒಂದು ಬಿರುದಿನಂತೆ ಬಂದು ದಾಟಿ ಹೋಗುತ್ತದೆ. ಗೋವೆ, ಹೊನ್ನಾವರ, ಬಿಜಾಪುರ, ಹಂಪಿಯ ಹೆಸರು ಗೊತ್ತಿದ್ದು ಹೋಗುವವರು ಅಲ್ಲಿ ಬೇರೆಯದೇ ಮನೆ ನೋಡುತ್ತಾರೆ. ಮಾರ್ಗದರ್ಶಿಯನ್ನು ಕೇಳಿ, ಕೇಳಿದರೆ ಮಾತು ಆ ಕಡೆ ತಿರುಗುತ್ತದೆ.

ಏನು ನೋಡಬೇಕು, ಯಾವುದನ್ನು ನಿಧಾನವಾಗಿ ನೋಡಬೇಕು

ಮನೆಯ ಆಕಾರ ಇಂಗ್ಲಿಷಿನ ‘ಎಲ್’ ಅಕ್ಷರದ್ದು. ಮೂಲೆಗಳಲ್ಲಿ ದುಂಡು ಗೋಪುರಗಳು, ಅವುಗಳ ಮೇಲೆ ಕರಬೂಜದ ಹಾಗೆ ಗೆರೆ ಎದ್ದ ಗುಮ್ಮಟಗಳು. ತೋಟದ ಕಡೆ ಕಮಾನುಗಳ ತೆರೆದ ಮೊಗಸಾಲೆ. ಅದರ ಗೋಡೆಯಲ್ಲಿ ನದಿಗಳನ್ನು ಮನುಷ್ಯರೂಪದಲ್ಲಿ ಚಿತ್ರಿಸಿದ ಅಜುಲೇಜು ಫಲಕಗಳು: ನೈಲ್, ಡ್ಯಾನ್ಯೂಬ್, ಯೂಫ್ರಟಿಸ್, ಜೊತೆಗೆ ಪೋರ್ಚುಗಲ್ಲಿನ ಡೋರು, ಮೊಂದೇಗು. ಅಜುಲೇಜು ಎಂದರೆ ಗಾಜುಲೇಪ ಹಾಕಿ ಸುಟ್ಟ ಬಣ್ಣದ ಟೈಲ್ಸ್. ಮುಂದೆ ಬಾಕ್ಸ್ ಗಿಡವನ್ನು ಕತ್ತರಿಸಿ ಕತ್ತರಿಸಿ ಜ್ಯಾಮಿತಿಯ ಸುರುಳಿಗಳಾಗಿ ಬೆಳೆಸಿದ ತೋಟ. ಅದರಾಚೆ ಚೌಕಾಕಾರದ ದೊಡ್ಡ ಕೊಳ, ಕೊಳದ ದಡದಲ್ಲಿ ಕಾಸಾ ದು ಲಾಗು ಎಂಬ ಜಲಮಂಟಪ.

ಹೆಚ್ಚಿನವರು ಮನೆಯೊಳಗೆ ಹೊತ್ತು ಕಳೆದು ಜಲಮಂಟಪಕ್ಕೆ ಐದು ನಿಮಿಷ ಕೊಡುತ್ತಾರೆ. ನಮ್ಮ ಸಲಹೆ ಇದರ ಉಲ್ಟಾ. ಮಂಟಪದ ಒಳಗೋಡೆಯಲ್ಲಿ ‘ಸುಸಾನ್ನಾ ಮತ್ತು ಮುದುಕರು’ ಎಂಬ ಫಲಕವಿದೆ, ಅದರ ಮೇಲೆ 1565 ಎಂಬ ಇಸವಿ ಬರೆದಿದೆ. ಇಸವಿ ನಮೂದಾಗಿರುವ ಪೋರ್ಚುಗಲ್ಲಿನ ಅಜುಲೇಜು ಚಿತ್ರಫಲಕಗಳಲ್ಲಿ ಇದೇ ಅತ್ಯಂತ ಹಳೆಯದು ಎಂಬುದು ಕಲಾ ಇತಿಹಾಸಕಾರರ ಮಾತು. ಸ್ನಾನ ಮಾಡುತ್ತಿದ್ದ ಹೆಂಗಸನ್ನು ಇಬ್ಬರು ಹಿರಿಯರು ಕದ್ದು ನೋಡಿ, ಅವಳು ಒಪ್ಪದಿದ್ದಾಗ ಅವಳ ಮೇಲೆಯೇ ಸುಳ್ಳು ಆರೋಪ ಹೊರಿಸುವ ಕಥೆ. ಅದನ್ನು ನೀರಿನ ಪಕ್ಕದಲ್ಲೇ ಹಚ್ಚಿದ್ದು ಆಲೋಚಿಸಿ ಮಾಡಿದ ಕೆಲಸ.

ಫಲಕದ ಹತ್ತಿರ ಹೋಗಿ ಎರಡು ಬಗೆಯ ಟೈಲ್ಸ್ ಗುರುತಿಸಲು ಪ್ರಯತ್ನಿಸಿ, ಏಕೆಂದರೆ ಈ ಮನೆ ಎರಡು ತಂತ್ರಗಳ ಸಂಧಿಕಾಲದ್ದು. ಹಳೆಯದು ಸ್ಪೇನಿನ ಸೆವಿಲ್‌ನಿಂದ ಬಂದ ಮೂರಿಶ್ ಮಾದರಿ: ಹಸಿ ಜೇಡಿಯ ಮೇಲೆ ಅಚ್ಚು ಒತ್ತಿ ಸಣ್ಣ ಏರುಗೆರೆ ಎಬ್ಬಿಸುತ್ತಾರೆ. ಸುಡುವಾಗ ಒಂದು ಬಣ್ಣದ ಲೇಪ ಇನ್ನೊಂದಕ್ಕೆ ಹರಿಯದಂತೆ ಆ ಗೆರೆಯೇ ತಡೆ. ಕಣ್ಣಿಗೆ ಅದು ಉಬ್ಬುತಗ್ಗಾಗಿ ಕಾಣುತ್ತದೆ. ಹೊಸದು ಇಟಲಿಯಿಂದ ಬಂದ ಮಜೋಲಿಕ: ಒಮ್ಮೆ ಸುಟ್ಟ ಟೈಲ್ಸ್ ಮೇಲೆ ತವರ ಬೆರೆತ ಬಿಳಿ ಲೇಪ ಹಚ್ಚಿ, ಅದು ಒಣಗಿದ ಮೇಲೆ ಕುಂಚದಲ್ಲಿ ಚಿತ್ರ ಬಿಡಿಸಿ, ಮತ್ತೆ ಸುಡುತ್ತಾರೆ. ಮೇಲ್ಮೈ ನುಣುಪು, ನೆರಳು ಬೆಳಕು ಎರಡನ್ನೂ ಬರೆಯಬಹುದು. ಸುಸಾನ್ನಾ ಫಲಕ ಈ ಎರಡನೆಯ ಬಗೆಯದು. ಒಣಲೇಪ ಬಣ್ಣವನ್ನು ತಟ್ಟನೆ ಹೀರಿಕೊಳ್ಳುವುದರಿಂದ ಒಮ್ಮೆ ಎಳೆದ ಗೆರೆ ಅಳಿಸಲಾಗದು. ಕಲಾವಿದನ ಕೈ ಎಷ್ಟು ನಿಶ್ಚಿತವಾಗಿತ್ತೆಂದು ಅಲ್ಲೇ ತಿಳಿಯುತ್ತದೆ.

ಹಳೆಯ ಅಜುಲೇಜು ಹಾಳಾಗುವುದಕ್ಕೆ ಮುಖ್ಯ ಕಾರಣ ಗೋಡೆಯೊಳಗಿನ ತೇವ. ನೀರಿನೊಂದಿಗೆ ಉಪ್ಪು ಮೇಲೇರಿ, ಲೇಪದ ಹಿಂದೆ ಹರಳುಗಟ್ಟಿ, ಬಣ್ಣದ ಪದರವನ್ನೇ ಹೊಟ್ಟಿನಂತೆ ಎಬ್ಬಿಸುತ್ತದೆ. ಕೊಳದ ಪಕ್ಕದ ಕಟ್ಟಡಕ್ಕೆ ಇದು ಇನ್ನೂ ಜಾಸ್ತಿ. ಟೈಲ್ಸ್ ಹಿಂದೆ ಸಿಮೆಂಟು ಹಾಕಿದರೆ ತೇವಕ್ಕೆ ಹೊರದಾರಿಯೇ ಇಲ್ಲದೆ ಲೇಪ ಬೇಗ ಕಳಚುತ್ತದೆ. ಅದಕ್ಕೇ ಸಂರಕ್ಷಕರು ಸುಣ್ಣದ ಗಾರೆಯನ್ನೇ ಬಳಸುತ್ತಾರೆ. ಬೆರಳಿಟ್ಟು ಮುಟ್ಟಬೇಡಿ ಎಂದು ಹೇಳುವುದು ಶಿಷ್ಟಾಚಾರಕ್ಕಲ್ಲ: ಎದ್ದು ನಿಂತ ಪದರ ಒಂದು ಒತ್ತಿಗೆ ಉದುರುತ್ತದೆ.

ನಡುವಿನ ಶತಮಾನಗಳು

ಬ್ರಾಸ್ 1581ರಲ್ಲಿ ತೀರಿಕೊಂಡ ಮೇಲೆ ಎಸ್ಟೇಟು ಕುಟುಂಬದ ಬೇರೆ ಬೇರೆ ಕೈಗಳಿಗೆ ಹೋಯಿತು. ಮುಂದಿನ ತಲೆಮಾರಿನ ಒಡತಿಯೊಬ್ಬಳ ಗಂಡನಿಗೆ ‘ಬಕಲ್ಯಾವ್’ ಎಂಬ ಅಡ್ಡಹೆಸರಿತ್ತು. ಮನೆಯ ಹೆಸರು ಅದರಿಂದಲೇ ಬಂತು. 20ನೇ ಶತಮಾನದ ಹೊತ್ತಿಗೆ ಮನೆ ಪಾಳು ಬಿದ್ದಿತ್ತು. 1936ರಲ್ಲಿ ಅಮೆರಿಕದ ಓರ್ಲೀನಾ ಸ್ಕೋವಿಲ್ ಅದನ್ನು ಕೊಂಡು ದುರಸ್ತಿಗೆ ಕೈ ಹಾಕಿದರು. ಇಂದು ನಾವು ನೋಡುವ ಮೊಗಸಾಲೆ, ತೋಟ, ಜಲಮಂಟಪ ನಿಂತಿರುವುದಕ್ಕೆ ಬ್ರಾಸ್‌ನಷ್ಟೇ ಈ ಮಹಿಳೆಯೂ ಕಾರಣ ಎಂದು ನಮ್ಮ ನಂಬಿಕೆ. ಕಟ್ಟಿಸಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಉಳಿಸಿದವರದು ಕಡಿಮೆ.

ಕೆಂಪು ವೈನ್: ಮೊಮ್ಮಗನ ನಿರ್ಧಾರ

ಓರ್ಲೀನಾ ಅವರ ಮೊಮ್ಮಗ ಥಾಮಸ್ ಸ್ಕೋವಿಲ್ 1970ರ ದಶಕದಲ್ಲಿ ಮನೆಯ ಪಕ್ಕದ ಜಮೀನಿನಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಸ್ವಲ್ಪ ಮರ್ಲೊ ನೆಡಿಸಿದರು. ಅಝೇತಾಂವ್ ಇರುವ ಸೆತೂಬಲ್ ಸೀಮೆಯ ಕೆಂಪು ದ್ರಾಕ್ಷಿ ಕಸ್ತೆಲಾಂವ್. ಅದನ್ನು ಬಿಟ್ಟು ಬೋರ್ಡೊ ತಳಿ ನೆಡುವುದು ಆಗಿನ ಪೋರ್ಚುಗಲ್ಲಿನಲ್ಲಿ ಅಪರೂಪ. ವೈನ್ ತಯಾರಿಸಿದ್ದು ಅಝೇತಾಂವ್‌ನ ಜುವಾಂವ್ ಪಿರೆಶ್ ಎಂಡ್ ಸನ್ಸ್ ಕಂಪನಿ; ಅಲ್ಲಿನ ವೈನ್ ತಜ್ಞ ಆಸ್ಟ್ರೇಲಿಯಾದ ಪೀಟರ್ ಬ್ರೈಟ್. 1979 ಮೊದಲ ಬೆಳೆ. ಅಮೆರಿಕದ ಮಾಲೀಕ, ಫ್ರೆಂಚ್ ದ್ರಾಕ್ಷಿ, ಆಸ್ಟ್ರೇಲಿಯಾದ ತಜ್ಞ, ಪೋರ್ಚುಗೀಸ್ ಮಣ್ಣು. ಸಂಪ್ರದಾಯದ ಹೆಸರಿನಲ್ಲಿ ಮಾರಾಟವಾಗುವ ಎಸ್ಟೇಟಿನ ಪ್ರಸಿದ್ಧ ವೈನ್ ಹುಟ್ಟಿದ್ದು ಸಂಪ್ರದಾಯ ಮುರಿದೇ.

ಈ ಜಾಗದಲ್ಲಿ ಕ್ಯಾಬರ್ನೆ ಏಕೆ ಒಗ್ಗಿತು ಎಂಬುದಕ್ಕೆ ಉತ್ತರ ನೆಲದಲ್ಲಿದೆ. ಕ್ಯಾಬರ್ನೆ ತಡವಾಗಿ ಹಣ್ಣಾಗುವ ತಳಿ. ಪೂರ್ತಿ ಹಣ್ಣಾಗದೆ ಕಿತ್ತರೆ ಅದರಲ್ಲಿ ಪೈರಜಿನ್ ಎಂಬ ಸಂಯುಕ್ತ ಉಳಿದು, ವೈನಿನಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಬರುತ್ತದೆ. ಉರಿಬಿಸಿಲಿನಲ್ಲಿ ಹಣ್ಣಾದರೆ ಸಕ್ಕರೆ ಏರಿ, ಹುಳಿ ಇಳಿದು, ಜಾಮ್‌ನ ರುಚಿ. ಅರ್ರಾಬಿದದ ಉತ್ತರ ತಪ್ಪಲಿಗೆ ದಕ್ಷಿಣದ ಬಿಸಿಲು ನೇರ ಬೀಳದು, ಅಟ್ಲಾಂಟಿಕ್ ಹತ್ತಿರ, ರಾತ್ರಿ ತಂಪು. ಸುಣ್ಣಕಲ್ಲಿನ ಜೇಡಿಮಣ್ಣು ಚಳಿಗಾಲದ ಮಳೆ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬೇರಿಗೆ ಕೊಡುತ್ತದೆ. ಹಾಗಾಗಿ ಹಣ್ಣಾಗುವ ಅವಧಿ ಉದ್ದವಾಗುತ್ತದೆ. ಮಿಶ್ರಣದಲ್ಲಿ ಸುಮಾರು ಶೇ. 90 ಕ್ಯಾಬರ್ನೆ, ಉಳಿದದ್ದು ಮರ್ಲೊ. ಕ್ಯಾಬರ್ನೆಯ ಒಗರು ನಾಲಿಗೆಯ ತುದಿಗೂ ಕೊನೆಗೂ ಸಿಗುತ್ತದೆ, ನಡುವೆ ಒಂದು ಟೊಳ್ಳು ಇರುತ್ತದೆ. ಮೊದಲೇ ಹಣ್ಣಾಗುವ, ಮೆತ್ತಗಿನ ಮರ್ಲೊ ಆ ಜಾಗ ತುಂಬುತ್ತದೆ. ಆಮೇಲೆ ಸುಮಾರು ಒಂದು ವರ್ಷ ಫ್ರೆಂಚ್ ಓಕ್ ಪೀಪಾಯಿಯ ವಾಸ. ತಳಿ ಸ್ಥಳೀಯವಲ್ಲವಾದ್ದರಿಂದ ಲೇಬಲ್ ಮೇಲೆ ‘ಪೆನಿನ್ಸುಲಾ ದ ಸೆತೂಬಲ್’ ಎಂಬ ಪ್ರಾದೇಶಿಕ ವೈನ್ ವರ್ಗವಿರುತ್ತದೆ. ಡಿಒಸಿ ಎಂಬ ಬಿಗಿಯಾದ ವರ್ಗದಲ್ಲಿ ಇಲ್ಲ ಎಂದಮಾತ್ರಕ್ಕೆ ಗುಣ ಕಡಿಮೆ ಎಂದಲ್ಲ.

ಜುವಾಂವ್ ಪಿರೆಶ್ ಕಂಪನಿ 1922ರಲ್ಲಿ ಶುರುವಾದದ್ದು. 1998ರಿಂದ ಮದೈರಾ ಮೂಲದ ಉದ್ಯಮಿ, ಕಲಾಸಂಗ್ರಾಹಕ ಜೋ ಬೆರಾರ್ದು ಅದರ ಮುಖ್ಯ ಪಾಲುದಾರರಾದರು. 2000ದಲ್ಲಿ ಅರಮನೆಯೂ ಸ್ಕೋವಿಲ್ ಕುಟುಂಬದಿಂದ ಬೆರಾರ್ದು ಕಡೆಗೆ ಬಂತು. 2005ರಲ್ಲಿ ಕಂಪನಿಯೇ ಬಕಲ್ಯೋವಾ ಎಂಬ ಹೆಸರು ಇಟ್ಟುಕೊಂಡಿತು. ಅಂದರೆ ಇಂದು ‘ಬಕಲ್ಯೋವಾ’ ಎಂದಾಗ ಮೂರು ಬೇರೆ ಸಂಗತಿಗಳು: ಅರಮನೆ, ಅದರ ಪಕ್ಕದ ದ್ರಾಕ್ಷಿತೋಟದ ಕೆಂಪು ವೈನ್, ಮತ್ತು ಪೋರ್ಚುಗಲ್ಲಿನ ಹಲವು ಸೀಮೆಗಳಲ್ಲಿ ತೋಟಗಳಿರುವ ದೊಡ್ಡ ಕಂಪನಿ. ಅಂಗಡಿಯಲ್ಲಿ ಕಂಪನಿಯ ಹೆಸರು ನೋಡಿ ಅರಮನೆಯ ತೋಟದ ವೈನ್ ಎಂದುಕೊಂಡು ಕೊಳ್ಳುವವರು ಬಹಳ. ‘ಕಿಂತಾ ದ ಬಕಲ್ಯೋವಾ’ ಅಥವಾ ‘ಪಲಾಸಿಯು ದ ಬಕಲ್ಯೋವಾ’ ಎಂದು ಪೂರ್ತಿ ಹೆಸರಿದೆಯೇ ನೋಡಿ.

ಮೊಸ್ಕತೆಲ್: ಈ ಸೀಮೆಯ ನಿಜವಾದ ಹಳೆಯ ಬೆಳೆ

ಹಳೆಯ ಸಂಪ್ರದಾಯ ಹುಡುಕಿ ಬಂದವರು ಕೇಳಬೇಕಾದದ್ದು ಮೊಸ್ಕತೆಲ್ ದ ಸೆತೂಬಲ್. 1907–08ರಲ್ಲೇ ಗಡಿ, ನಿಯಮ ಗೊತ್ತುಮಾಡಿದ ಸಿಹಿ ವೈನ್. ದ್ರಾಕ್ಷಿ ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ. ಅದರ ಘಮವೆಲ್ಲ ಸಿಪ್ಪೆಯಲ್ಲಿ: ಲಿನಲೂಲ್, ಜೆರಾನಿಯೋಲ್ ಎಂಬ ಟರ್ಪೀನುಗಳು. ತಯಾರಿಯ ಜಾಣತನವೆಲ್ಲ ಆ ಸಿಪ್ಪೆಯ ಸುತ್ತ.

ಹಣ್ಣು ಜಜ್ಜಿ ಹುದುಗಲು ಬಿಡುತ್ತಾರೆ. ಸಕ್ಕರೆ ಇನ್ನೂ ಸಾಕಷ್ಟು ಇರುವಾಗಲೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಶೇ. 5 ಆಲ್ಕೋಹಾಲ್ ಬಂದಿರುವ 100 ಲೀಟರ್ ರಸವನ್ನು ಶೇ. 17.5ಕ್ಕೆ ಏರಿಸಬೇಕು, ಸ್ಪಿರಿಟ್‌ನ ಬಲ ಶೇ. 77 ಎಂದಿಟ್ಟುಕೊಂಡರೆ ಸುಮಾರು 21 ಲೀಟರ್ ಬೇಕು. ಬಾಟಲಿಯಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಈ ಸ್ಪಿರಿಟ್ಟೇ. ಹಾಗಾಗಿ ಕೆಟ್ಟ ಸ್ಪಿರಿಟ್ ಹಾಕಿದರೆ ಎಂಥ ಒಳ್ಳೆಯ ದ್ರಾಕ್ಷಿಯೂ ಗಂಟಲು ಸುಡುತ್ತದೆ. ಬೇಗ ಹಾಕಿದರೆ ಪಾಕದಂತೆ ಅಂಟು, ತಡವಾದರೆ ಸಿಹಿ ಕಡಿಮೆಯಾಗಿ ಸ್ಪಿರಿಟ್ಟಿನ ಒರಟೇ ಮುಂದೆ ನಿಲ್ಲುತ್ತದೆ.

ಪೋರ್ಟ್ ವೈನಿಗೂ ಇದಕ್ಕೂ ವ್ಯತ್ಯಾಸ ಇಲ್ಲಿಂದ ಮುಂದೆ. ಪೋರ್ಟ್‌ನಲ್ಲಿ ಸ್ಪಿರಿಟ್ ಹಾಕುವ ಹೊತ್ತಿಗೆ ಸಿಪ್ಪೆಯಿಂದ ರಸ ಬೇರೆಯಾಗಿರುತ್ತದೆ. ಸೆತೂಬಲ್‌ನಲ್ಲಿ ಸಿಪ್ಪೆಯನ್ನು ಸ್ಪಿರಿಟ್ ಸೇರಿದ ರಸದಲ್ಲೇ ತಿಂಗಳುಗಟ್ಟಲೆ, ಹಲವು ಬಾರಿ ವಸಂತದವರೆಗೂ, ನೆನೆಯಲು ಬಿಡುತ್ತಾರೆ. ಆಲ್ಕೋಹಾಲ್ ಸಿಪ್ಪೆಯ ಘಮವನ್ನು ಎಳೆದುಕೊಳ್ಳುತ್ತದೆ. ಅತಿಯಾದರೆ ಬೀಜದ, ಸಿಪ್ಪೆಯ ಕಹಿಯೂ ಬರುತ್ತದೆ. ಹಿಂಡುವ ದಿನವನ್ನು ಕ್ಯಾಲೆಂಡರ್ ಹೇಳುವುದಿಲ್ಲ, ನಾಲಿಗೆ ಹೇಳಬೇಕು.

ನಂತರ ಪೀಪಾಯಿ. ಬಕಲ್ಯೋವಾದಲ್ಲಿ ಮೊಸ್ಕತೆಲ್ ಬಲಿಯುವುದು ಹಿಂದೆ ಸ್ಕಾಚ್ ವಿಸ್ಕಿ ಇದ್ದ, 200 ಲೀಟರಿನ ಸಣ್ಣ ಓಕ್ ಪೀಪಾಯಿಗಳಲ್ಲಿ, ಅದೂ ಹಗಲು ರಾತ್ರಿಯ ಬಿಸಿತಂಪು ಏರಿಳಿಯುವ ಉಗ್ರಾಣದಲ್ಲಿ. ತಂಪಾದ ನೆಲಮಾಳಿಗೆಯೇ ಶ್ರೇಷ್ಠ ಎಂಬ ಪಾಠ ಇಲ್ಲಿಗೆ ಅನ್ವಯಿಸದು. ಸಣ್ಣ ಪೀಪಾಯಿ ಎಂದರೆ ಪ್ರತಿ ಲೀಟರಿಗೆ ಹೆಚ್ಚು ಮರದ ಮೈ, ಹೆಚ್ಚು ಗಾಳಿ. ಬಿಸಿ ಎಂದರೆ ಹೆಚ್ಚು ಆವಿ. ವರ್ಷಕ್ಕೆ ಶೇ. 3ರಷ್ಟು ಆವಿಯಾಗುತ್ತದೆಂದು ಇಟ್ಟುಕೊಂಡರೂ 200 ಲೀಟರ್ 20 ವರ್ಷದಲ್ಲಿ 109ಕ್ಕೆ ಇಳಿಯುತ್ತದೆ. ಉಳಿದದ್ದರಲ್ಲಿ ಸಕ್ಕರೆ, ಹುಳಿ ಎರಡೂ ಗಟ್ಟಿ. ಹೊಂಬಣ್ಣ ಜೇನಿನದಾಗಿ, ಆಮೇಲೆ ಕಂದಾಗುತ್ತದೆ. ಕಿತ್ತಳೆ ಹೂವಿನ ವಾಸನೆ ಒಣಗಿದ ಕಿತ್ತಳೆ ಸಿಪ್ಪೆಗೆ, ಒಣದ್ರಾಕ್ಷಿಗೆ, ಅಕ್ರೋಟಿಗೆ ತಿರುಗುತ್ತದೆ. ಹಳೆಯ ಬಾಟಲಿಯ ಬೆಲೆ ನೋಡಿ ಹುಬ್ಬೇರಿಸುವ ಮೊದಲು ಆ 91 ಲೀಟರನ್ನು ನೆನೆಯಿರಿ.

ಗುಲಾಬಿ ಸಿಪ್ಪೆಯ ಮೊಸ್ಕತೆಲ್ ರೋಶು ಎಂಬ ಇನ್ನೊಂದು ತಳಿಯಿದೆ. ಬೇಗ ಹಣ್ಣಾಗುವುದರಿಂದ ಹಕ್ಕಿಗಳ ಪಾಲು ಹೆಚ್ಚು, ಇಳುವರಿ ಕಡಿಮೆ. ಕಳೆದ ಶತಮಾನದಲ್ಲಿ ಅಳಿವಿನ ಅಂಚಿಗೆ ಹೋಗಿ ಉಳಿಯಿತು. ಸಿಕ್ಕರೆ ಬಿಡಬೇಡಿ.

ಭೇಟಿ: ಎಲ್ಲಿ ಎಡವುತ್ತಾರೆ

ಮೊದಲ ಎಡವಟ್ಟು ವಿಳಾಸದ್ದು. ಅರಮನೆ ಇರುವುದು ವಿಲಾ ಫ್ರೆಶ್ಕ ದ ಅಝೇತಾಂವ್‌ನಲ್ಲಿ. ಪೀಪಾಯಿಗಳು, ಸಂಗ್ರಹಾಲಯ, ರುಚಿ ನೋಡುವ ಜಾಗ ಇರುವ ಅದೇಗಾ-ಮುಸೆವು ಪಕ್ಕದ ವಿಲಾ ನೊಗೇರಾ ದ ಅಝೇತಾಂವ್‌ನಲ್ಲಿ. ಎರಡೂ ಒಂದೇ ಹೆದ್ದಾರಿ ಎನ್ 10ರ ಆಸುಪಾಸು, ನಡುವೆ ಕೆಲವು ಕಿಲೋಮೀಟರ್. ವಾಹನಗಳ ಓಡಾಟದ ರಸ್ತೆ. ನಡೆದು ಹೋಗುವ ಯೋಚನೆ ಬೇಡ. ಮ್ಯಾಪಿನಲ್ಲಿ ಬರೀ ‘ಬಕಲ್ಯೋವಾ’ ಎಂದು ಹುಡುಕಿ ಒಂದರ ಬುಕಿಂಗ್ ಹಿಡಿದು ಇನ್ನೊಂದರ ಗೇಟಿಗೆ ಹೋಗುವುದು ಸಾಮಾನ್ಯ. ಬುಕ್ ಮಾಡುವಾಗಲೇ ಅರಮನೆಯೋ ಅದೇಗಾವೋ ಎರಡೂವೋ, ಯಾವ ಭಾಷೆಯ ಮಾರ್ಗದರ್ಶಿ, ರುಚಿ ನೋಡಲು ಎಷ್ಟು ವೈನ್, ಅದರಲ್ಲಿ ಮೊಸ್ಕತೆಲ್ ಇದೆಯೇ ಎಂದು ಬರೆದು ಕೇಳಿಕೊಳ್ಳಿ. ಸಮಯ, ಶುಲ್ಕ ಋತುವಿಗೆ ತಕ್ಕಂತೆ ಬದಲಾಗುತ್ತವೆ. ಹೊರಡುವ ವಾರ ಮತ್ತೊಮ್ಮೆ ನೋಡಿ.

ಲಿಸ್ಬನ್ನಿನಿಂದ ಬಾಡಿಗೆ ಕಾರಾದರೆ 25 ಏಪ್ರಿಲ್ ಸೇತುವೆ, ಎ2 ಹೆದ್ದಾರಿ, ಮುಕ್ಕಾಲು ಗಂಟೆಯೊಳಗೆ. ಸೇತುವೆಯ ಟೋಲ್ ಲಿಸ್ಬನ್ನಿಗೆ ಮರಳುವ ದಿಕ್ಕಿನಲ್ಲಿ ಮಾತ್ರ. ಕುಡಿದು ಓಡಿಸುವ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸ ಚಾಲಕರಿಗೆ 0.2, ನಾಲ್ಕು ಸಣ್ಣ ಗ್ಲಾಸು, ಅದರಲ್ಲೊಂದು ಮೊಸ್ಕತೆಲ್ ಎಂದರೆ ಆ ಗೆರೆ ದೂರವಿಲ್ಲ. ಓಡಿಸುವವರು ಉಗುಳುವ ಪಾತ್ರೆ ಕೇಳಿ ಪಡೆಯಿರಿ. ಅದರಲ್ಲಿ ಸಂಕೋಚ ಬೇಡ, ವೈನ್ ಕಸುಬಿನವರು ದಿನವೂ ಮಾಡುವುದು ಅದನ್ನೇ. ಕಾರು ಬೇಡವೆಂದರೆ ಫೆರ್ತಾಗುಶ್ ರೈಲು ಹಿಡಿದು ಕೊಯ್ನಾ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ. ಭಾನುವಾರ ಬಸ್ಸು ವಿರಳ, ಮರಳುವ ಬಸ್ಸಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಕ್ರಮ ಹೀಗಿರಲಿ: ಬೆಳಗ್ಗೆ ಅರಮನೆ, ಒಂದೂವರೆ ಗಂಟೆ. ತೋಟದಲ್ಲಿ ನೆರಳು ಕಡಿಮೆ. ಜುಲೈ ಆಗಸ್ಟಿನ ಮಧ್ಯಾಹ್ನ ಅಲ್ಲಿ ನಿಂತು ಅಜುಲೇಜು ನೋಡುವ ತಾಳ್ಮೆ ಯಾರಿಗೂ ಉಳಿಯದು. ಊಟದ ನಂತರ ಅದೇಗಾ. ಅಲ್ಲಿ ಪೀಪಾಯಿಗಳ ಸಾಲಿನ ನಡುವೆಯೇ ಅಜುಲೇಜು ಸಂಗ್ರಹ, ಆಫ್ರಿಕಾದ ಶಿಲ್ಪಗಳು, ಆರ್ಟ್ ನುವೋ ಪೀಠೋಪಕರಣ ಇವೆ. ಕಲಾಸಂಗ್ರಹ ಒಬ್ಬ ವ್ಯಕ್ತಿಯ ಆಸಕ್ತಿಯಿಂದ ಬೆಳೆದದ್ದು. ವೈನಿಗೂ ಅದಕ್ಕೂ ಸಂಬಂಧ ಹುಡುಕುತ್ತ ಕೂತರೆ ಹೊತ್ತು ವ್ಯರ್ಥ. ಹಳೆಯ ಟೈಲ್ಸ್ ಸಾಲು ಮಾತ್ರ ತಪ್ಪದೆ ನೋಡಿ, ಬೆಳಗ್ಗೆ ಅರಮನೆಯಲ್ಲಿ ಕಲಿತದ್ದು ಇಲ್ಲಿ ಕೈಗೆ ಬರುತ್ತದೆ.

ವೈನ್ ರುಚಿ ನೋಡುವಾಗ ಬಿಳಿ, ಕೆಂಪು, ಕೊನೆಗೆ ಮೊಸ್ಕತೆಲ್. ಸಿಹಿ ಮೊದಲು ಕುಡಿದರೆ ಆಮೇಲಿನ ಕ್ಯಾಬರ್ನೆ ಹುಳಿ, ಕಹಿ ಎನಿಸುತ್ತದೆ. ಅದು ವೈನಿನ ದೋಷವಲ್ಲ. ಎಳೆಯ ಮೊಸ್ಕತೆಲ್ 10–12 ಡಿಗ್ರಿ ತಂಪಿನಲ್ಲಿ ಚೆನ್ನ. ಹಳೆಯದಕ್ಕೆ 14–16 ಬೇಕು, ಫ್ರಿಜ್ಜಿನ ಚಳಿಯಲ್ಲಿ ಅದರ ಘಮ ಮುಚ್ಚಿಹೋಗುತ್ತದೆ. ಗ್ಲಾಸಿಗೆ 30–50 ಮಿ.ಲೀ. ಸಾಕು.

ಜೊತೆಗೆ ಅಝೇತಾಂವ್ ಚೀಸ್ ಕೇಳಿ. ಹಸಿ ಕುರಿಹಾಲಿನದು, 100ರಿಂದ 250 ಗ್ರಾಂ ತೂಕದ ಪುಟ್ಟ ಉಂಡೆ, ಕನಿಷ್ಠ 20 ದಿನ ಮಾಗಿಸಿದ್ದು. ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸುವುದಿಲ್ಲ, ಕಾರ್ಡೂನ್ ಎಂಬ ಮುಳ್ಳುಗಿಡದ ಒಣಹೂವನ್ನು ನೆನೆಸಿ ಆ ನೀರನ್ನು ಹಾಕುತ್ತಾರೆ. ಹಾಗಾಗಿ ರೆನೆಟ್ ಕಾರಣಕ್ಕೆ ಯುರೋಪಿನ ಚೀಸ್ ಬಿಡುವ ನಮ್ಮ ಸಸ್ಯಾಹಾರಿಗಳು ಇದನ್ನು ತಿನ್ನಬಹುದು. ಆ ಹೂವಿನಿಂದಲೇ ಒಂದು ಸಣ್ಣ ಕಹಿ, ಒಳಗೆ ಬೆಣ್ಣೆಯಂಥ ಮೆದು. ಮೇಲಿನ ತೊಗಟೆಯನ್ನು ಮುಚ್ಚಳದಂತೆ ಕತ್ತರಿಸಿ ಚಮಚದಲ್ಲಿ ತೋಡಿಕೊಳ್ಳುವುದು ಇಲ್ಲಿನ ಪದ್ಧತಿ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು, ಇಲ್ಲದಿದ್ದರೆ ಗಟ್ಟಿಯಾಗಿಯೇ ಇರುತ್ತದೆ. ಹಸಿ ಹಾಲಿನದಾದ್ದರಿಂದ ಗರ್ಭಿಣಿಯರು ಬಿಡುವುದು ಒಳ್ಳೆಯದು. ತೋರ್ತಾ ದ ಅಝೇತಾಂವ್ ಎಂಬ ಸುರುಳಿ ಸಿಹಿಯಲ್ಲಿ ಮೊಟ್ಟೆ ಇರುತ್ತದೆ. ವೈನ್ ತಿಳಿಗೊಳಿಸಲು ಕೆಲವು ಕಡೆ ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನು, ಮೀನಿನಂಟು ಬಳಸುವುದುಂಟು. ಕಟ್ಟುನಿಟ್ಟಿನವರು ಯಾವ ಬಾಟಲಿಗೆ ಏನು ಎಂದು ಕೇಳಿ.

ಹೊತ್ತು ಉಳಿದರೆ ವಿಲಾ ನೊಗೇರಾದಲ್ಲೇ ಜೊಝೆ ಮರೀಯ ದ ಫೊನ್ಸೆಕ ಎಂಬ ಇನ್ನೊಂದು ಹಳೆಯ ವೈನ್ ಮನೆಯಿದೆ, 1834ರಲ್ಲಿ ಶುರುವಾದದ್ದು. ಮೊಸ್ಕತೆಲ್ ಪೀಪಾಯಿಗಳನ್ನು ಹಡಗಿಗೇರಿಸಿ ಸಮಭಾಜಕ ದಾಟಿಸಿ ವಾಪಸು ತರುವ ‘ತೋರ್ನ-ವಿಯಾಜೆಂ’ ಪದ್ಧತಿಗೆ ಅವರು ಹೆಸರಾದವರು. ಹಡಗಿನ ಬಿಸಿ, ಓಲಾಟದಿಂದ ವೈನ್ ಬೇಗ ಬಲಿಯುತ್ತದೆ ಎಂಬುದು ಇದರ ತಿಳಿವು. ಬಕಲ್ಯೋವಾದ ಬಿಸಿ ಉಗ್ರಾಣದ ಕೆಲಸವೂ ಅದೇ ತರ್ಕದ್ದು.

ಮನೆಗೆ ತರುವುದಾದರೆ, ಭಾರತಕ್ಕೆ ಬರುವ ವಯಸ್ಕರಿಗೆ 2 ಲೀಟರಿನವರೆಗೆ ಸುಂಕವಿಲ್ಲ, 750 ಮಿ.ಲೀ.ನ ಎರಡು ಬಾಟಲಿ ಹಿಡಿಯುತ್ತದೆ, ಮೂರನೆಯದು ಮಿತಿ ಮೀರುತ್ತದೆ. ಒಂದು ಕ್ಯಾಬರ್ನೆ, ಒಂದು ಮೊಸ್ಕತೆಲ್ ಎಂಬುದು ನಮ್ಮ ಆಯ್ಕೆ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ. ಬಂದ ಮೇಲೆ ಕ್ಯಾಬರ್ನೆಯನ್ನು ಒಂದೆರಡು ವಾರ ತಂಪು, ಕತ್ತಲ ಜಾಗದಲ್ಲಿ ಅಡ್ಡ ಮಲಗಿಸಿ, ತೆರೆದ ಮೇಲೆ ಮೂರು ದಿನದೊಳಗೆ ಮುಗಿಸಿ. ಮೊಸ್ಕತೆಲ್ ಅಷ್ಟು ನಾಜೂಕಲ್ಲ: ಬೂಚು ಗಟ್ಟಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ನೇರ ನಿಲ್ಲಿಸಿದರೆ ಹಲವು ವಾರ ತಾಳುತ್ತದೆ.